ದಿನಕ್ಕೆ ಇನ್ನೂರು ಜಿಗಿತ ನಿಲ್ಲಿಸಿ, ಅಕ್ಕಿ ಚೀಲ ಎತ್ತಿಸಿ

ಪ್ರಶ್ನೆ: ನಾವು ದಾವಣಗೆರೆಯವರು. ಮಗಳಿಗೆ 16 ವರ್ಷ, ಮೊದಲ ಪಿಯುಸಿ, ತೂಕ 48 ಕೆ.ಜಿ. ಏಳು ವರ್ಷ ಭರತನಾಟ್ಯ ಕಲಿತಳು, ಈಗ ಎರಡು ವರ್ಷದಿಂದ ಬ್ಯಾಲೆ. ವಾರಕ್ಕೆ ಎರಡು ದಿನ ಆನ್‌ಲೈನ್ ಪಾಠ, ತಿಂಗಳಿಗೆ ಎರಡು ಭಾನುವಾರ ಬೆಂಗಳೂರಿಗೆ ಹೋಗಿ ಬರುತ್ತಾಳೆ. ಜಿಗಿತ ಎತ್ತರ ಬರುತ್ತಿಲ್ಲ, ಇಳಿಯುವಾಗ ಸದ್ದು ಜಾಸ್ತಿ ಎಂದು ಟೀಚರ್ ಹೇಳಿದರು. ಅದಕ್ಕೆ ದಿನಾ ಬೆಳಿಗ್ಗೆ ತಾರಸಿಯ ಮೇಲೆ 200 ಜಿಗಿತ, 500 ಸ್ಕಿಪ್ಪಿಂಗ್ ಮಾಡುತ್ತಾಳೆ. ಎರಡು ತಿಂಗಳಾಯಿತು, ಎತ್ತರ ಹೆಚ್ಚಲಿಲ್ಲ, ಈಗ ಮಂಡಿಯ ಕೆಳಗಿನ ಮೂಳೆ ನೋಯುತ್ತದೆ. ಜಿಮ್‌ನವರು ತೂಕ ಎತ್ತಿಸಿ ಎನ್ನುತ್ತಾರೆ. ನಮ್ಮ ಅತ್ತೆಯವರು ಹೆಣ್ಣುಮಗು ಭಾರ ಎತ್ತಿದರೆ ಎತ್ತರ ಬೆಳೆಯೋದಿಲ್ಲ, ಗರ್ಭಕೋಶಕ್ಕೆ ತೊಂದರೆ ಎನ್ನುತ್ತಾರೆ. ಮಗಳಿಗೆ ತೊಡೆ ದಪ್ಪ ಆಗುತ್ತದೆಂಬ ಭಯ. ನಾಲ್ಕು ತಿಂಗಳಿಗೆ ಬೆಂಗಳೂರಿನಲ್ಲಿ ಪ್ರದರ್ಶನ ಇದೆ. ಏನು ಮಾಡಿಸಬೇಕು?

ಉತ್ತರ: ಮೊದಲು ಒಂದು ಲೆಕ್ಕ. 200 ಜಿಗಿತ, 500 ಸ್ಕಿಪ್ಪಿಂಗ್ ಸೇರಿ ದಿನಕ್ಕೆ 700 ಸಲ ಕಾಲು ನೆಲಕ್ಕೆ ಬಡಿಯುತ್ತದೆ. ವಾರಕ್ಕೆ ಆರು ದಿನವೆಂದರೆ 4,200. ಅದೂ ಒಂದಿಷ್ಟೂ ಬಗ್ಗದ ಆರ್‌ಸಿಸಿ ತಾರಸಿಯ ಮೇಲೆ. ಪಾಠದೊಳಗಿನ ಜಿಗಿತಗಳನ್ನು ಇದರಲ್ಲಿ ಸೇರಿಸಿಲ್ಲ. ಮೂಳೆ ನೋಯದಿದ್ದರೆ ಆಶ್ಚರ್ಯಪಡಬೇಕಿತ್ತು. ನಾಳೆ ಬೆಳಿಗ್ಗೆಯಿಂದ ತಾರಸಿಯ ಜಿಗಿತ, ಸ್ಕಿಪ್ಪಿಂಗ್ ಎರಡೂ ಬಂದ್. ಆನ್‌ಲೈನ್ ಪಾಠದಲ್ಲಿ ಜಿಗಿತ ಬಂದಾಗ, ಜಿಗಿತ ಮತ್ತೆ ಶುರುಮಾಡುವ ಹಂತ ಬರುವವರೆಗೆ, ಅದರ ಬದಲು ರೆಲೆವೇ ಮಾಡಲಿ, ಅಂದರೆ ಹಿಮ್ಮಡಿ ಎತ್ತಿ ಇಳಿಸಲಿ. ಟೀಚರ್‌ಗೆ ಮುಂಚೆಯೇ ಒಂದು ಮಾತು ಹೇಳಿಡಿ.

ನೋವನ್ನು ನೀವೇ ಒಮ್ಮೆ ನೋಡಿ. ಮಗಳನ್ನು ಕೂರಿಸಿ, ಮಂಡಿಯಿಂದ ಗಿಣ್ಣಿನವರೆಗಿನ ಉದ್ದ ಮೂಳೆಯ ಒಳಂಚನ್ನು ಹೆಬ್ಬೆರಳಿನಿಂದ ಒಂದೊಂದೇ ಅಂಗುಲ ಒತ್ತುತ್ತ ಬನ್ನಿ. ಕೆಳಗಿನ ಮೂರನೇ ಒಂದು ಭಾಗದಲ್ಲಿ ನಾಲ್ಕೈದು ಬೆರಳಗಲ ಹರಡಿಕೊಂಡು ನೋವಿದ್ದರೆ, ಜಿಗಿಯಲು ಶುರುಮಾಡಿದಾಗ ಕಾಣಿಸಿಕೊಂಡು ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತಿದ್ದರೆ, ಅದು ಮೂಳೆಯ ಹೊರಪದರ ಕೆರಳಿರುವುದು. ಶಿನ್ ಸ್ಪ್ಲಿಂಟ್ಸ್ ಎನ್ನುವುದು ಇದನ್ನೇ. ಹೊರೆ ಇಳಿಸಿದರೆ ಕೆಲವು ವಾರಗಳಲ್ಲಿ ಶಮನವಾಗುತ್ತದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮುಟ್ಟಿದರೆ ಹೌಹಾರುವ ನೋವಿದ್ದರೆ ವಿಷಯ ಬೇರೆ. ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಒಂಟಿ ಕಾಲಲ್ಲಿ ಒಮ್ಮೆ ಕುಪ್ಪಳಿಸಿದರೂ ಚುಚ್ಚಿದರೆ, ಅಥವಾ ಮೂಳೆಯ ಮುಂದಿನ ಚೂಪಾದ ಅಂಚಿನ ನಡುಭಾಗದಲ್ಲಿ ನೋವಿದ್ದರೆ, ಈ ಉತ್ತರ ಇಲ್ಲಿಗೇ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಕೂದಲೆಳೆಯಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. "ಎಕ್ಸ್‌ರೇ ನಾರ್ಮಲ್" ಎಂದ ಮಾತ್ರಕ್ಕೆ ಮತ್ತೆ ಜಿಗಿಸಲು ಹೋಗಬೇಡಿ. ನೋವು ಹಾಗೇ ಇದ್ದರೆ ಎಂಆರ್‌ಐ ಬೇಕೇ ಎಂದು ಡಾಕ್ಟರನ್ನು ಕೇಳಿ. ಮುಂದೆ ಬರೆದಿರುವುದೆಲ್ಲ ಹರಡಿದ ನೋವಿನ ಮಗುವಿಗೆ.

ಇನ್ನೂರು ಜಿಗಿದರೂ ಎತ್ತರ ಏಕೆ ಹೆಚ್ಚಲಿಲ್ಲ? ನೆಲ ಬಿಡುವ ಕ್ಷಣದಲ್ಲಿ ದೇಹಕ್ಕಿರುವ ವೇಗವೇ ಜಿಗಿತದ ಎತ್ತರವನ್ನು ನಿರ್ಧರಿಸುತ್ತದೆ. 20 ಸೆಂ.ಮೀ. ಏರಲು ಸೆಕೆಂಡಿಗೆ ಸುಮಾರು 2 ಮೀಟರ್ ವೇಗ ಬೇಕು, 30 ಸೆಂ.ಮೀ.ಗೆ 2.4 ಮೀಟರ್. ಕಾಲು ನೆಲವನ್ನು ಒತ್ತಲು ಸಿಗುವುದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಸಮಯ. ಅಷ್ಟರೊಳಗೆ ಎಷ್ಟು ಬಲ ಹಾಕಲು ಸಾಧ್ಯ ಎನ್ನುವುದೇ ಪ್ರಶ್ನೆ. ಬಲವೇ ಇಲ್ಲದ ಕಾಲಿಗೆ ಬೇಗ ಒತ್ತು, ಬೇಗ ಒತ್ತು ಎಂದರೆ ಎಲ್ಲಿಂದ ತರುತ್ತದೆ? ಅಲ್ಲದೆ 200 ಜಿಗಿತದಲ್ಲಿ ಪೂರ್ತಿ ಶಕ್ತಿ ಹಾಕಿ ಜಿಗಿಯುವುದು ಮೊದಲ ಹತ್ತಿಪ್ಪತ್ತು ಮಾತ್ರ. ಉಳಿದ 180ರಲ್ಲಿ ದೇಹ ಅಭ್ಯಾಸ ಮಾಡಿಕೊಳ್ಳುವುದು ಸುಸ್ತಾದ ಕಾಲಲ್ಲಿ ಕಡಿಮೆ ಎತ್ತರಕ್ಕೆ ಹೇಗೆ ಜಿಗಿಯಬೇಕೆಂಬುದನ್ನು. ಅದನ್ನು ಎರಡು ತಿಂಗಳಲ್ಲಿ ಚೆನ್ನಾಗಿಯೇ ಕಲಿತಿದೆ.

ನಮ್ಮೂರ ಗರಡಿ ಮನೆಗಳನ್ನು ನೋಡಿ ಬೆಳೆದವರಿಗೆ ಸಾಮು ಎಂದರೆ ಸಾವಿರ ಬಸ್ಕಿ, ಐನೂರು ದಂಡ ಎಂದು ಮನಸ್ಸಿನಲ್ಲಿ ಕೂತಿರುತ್ತದೆ. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಹತ್ತಾರು ನಿಮಿಷ ಸೆಣಸುವವನಿಗೆ ಆ ದಮ್ಮು ಬೇಕು. ಆದರೆ ಅದೇ ಪೈಲ್ವಾನರು ಗುಂಡುಕಲ್ಲನ್ನೂ ಎತ್ತುತ್ತಿದ್ದರಲ್ಲ, ನಾಲ್ಕಾರು ಸಲ ಎತ್ತುವಷ್ಟರಲ್ಲಿ ಸಾಕಾಗುವಂಥ ಭಾರ. ಮಗಳಿಗೆ ಬೇಕಿರುವುದು ಆ ಕಡೆಯ ವಿದ್ಯೆ, ಬಸ್ಕಿಯ ಎಣಿಕೆಯಲ್ಲ.

ಅಜ್ಜಿಯ ಆತಂಕಕ್ಕೆ ಉತ್ತರ: ಹದಿಹರೆಯದವರು ಸರಿಯಾದ ಭಂಗಿಯಲ್ಲಿ, ನೋಡಿಕೊಳ್ಳುವವರ ಎದುರು, ಹಂತಹಂತವಾಗಿ ತೂಕ ಎತ್ತಿದರೆ ಎತ್ತರ ಕುಂಠಿತವಾಗುವುದಿಲ್ಲ, ಗರ್ಭಕೋಶಕ್ಕೂ ಏನೂ ಆಗುವುದಿಲ್ಲ. ಬದಲಿಗೆ ಮೂಳೆ ಗಟ್ಟಿಯಾಗುತ್ತದೆ. ಮೂಳೆಯಲ್ಲಿ ಸುಣ್ಣದಂಶ ಅತಿ ವೇಗವಾಗಿ ತುಂಬಿಕೊಳ್ಳುವ ಕಾಲವೇ ಹದಿಹರೆಯ. ಅಜ್ಜಿಯೇ ಆ ವಯಸ್ಸಿನಲ್ಲಿ ಎರಡು ಕೊಡ ನೀರು ಹೊತ್ತು ತಂದಿರಬಹುದು, ಕೇಳಿ ನೋಡಿ! ಇನ್ನು ತೊಡೆ ದಪ್ಪವಾಗುವ ವಿಷಯ. ವಾರಕ್ಕೆ ಎರಡು ದಿನ, ಸೆಟ್ಟಿಗೆ ಆರರಿಂದ ಎಂಟು ಸಲ ಎತ್ತಿದರೆ ಮೊದಲ ಆರೆಂಟು ವಾರ ಹೆಚ್ಚಾಗುವುದು ಬಹುಪಾಲು ನರಗಳ ಚುರುಕು. ಇರುವ ಸ್ನಾಯುವಿನಲ್ಲೇ ಹೆಚ್ಚು ಎಳೆಗಳನ್ನು ಒಟ್ಟಿಗೆ ಎಬ್ಬಿಸಲು ಮಿದುಳು ಕಲಿಯುತ್ತದೆ. ಗಾತ್ರ ಬೆಳೆಸಬೇಕೆಂದರೆ ಇದಕ್ಕಿಂತ ಬಹಳ ಹೆಚ್ಚು ಸೆಟ್ಟು, ಹೆಚ್ಚು ಊಟ, ಹೆಚ್ಚು ಕಾಲ ಬೇಕು. ದಿನಾ ನೂರಾರು ಬಸ್ಕಿ ಹೊಡೆಸುವುದಕ್ಕಿಂತ ಈ ದಾರಿಯಲ್ಲಿ ತೊಡೆ ದಪ್ಪವಾಗುವ ಸಂಭವ ಕಡಿಮೆಯೇ.

ಈಗ ನಾಲ್ಕು ತಿಂಗಳು, ಅಂದರೆ 16 ವಾರದ ಕೆಲಸ.

ಮೊದಲ ಆರು ವಾರ ಬಲ ಮಾತ್ರ. ಆನ್‌ಲೈನ್ ಪಾಠ ಇರುವ ಎರಡು ದಿನಗಳಲ್ಲೇ, ಪಾಠ ಮುಗಿದ ಮೇಲೆ, ಒಂದೆರಡು ಗಂಟೆ ಬಿಟ್ಟು ಮಾಡಿಸಿ. ಕಷ್ಟದ ದಿನಕ್ಕೇ ಕಷ್ಟವನ್ನು ಸೇರಿಸಿದರೆ ಬಿಡುವಿನ ದಿನ ನಿಜವಾಗಿ ಬಿಡುವಾಗಿರುತ್ತದೆ. ಎರಡು ದಿನಗಳ ನಡುವೆ ಕನಿಷ್ಠ 48 ಗಂಟೆ ಇರಲಿ. 40–45 ನಿಮಿಷ ಸಾಕು. ಎಲ್ಲಕ್ಕೂ ಒಂದೇ ನಿಯಮ: ಸೆಟ್ಟು ಮುಗಿದಾಗ "ಇನ್ನೂ ಎರಡು ಮಾಡಬಹುದಿತ್ತು" ಅನ್ನಿಸುವಷ್ಟು ಭಾರ. ಇನ್ನೂ ಹತ್ತು ಮಾಡಬಹುದು ಎಂದರೆ ಭಾರ ಸಾಲದು. ಕೊನೆಯದರಲ್ಲಿ ಬೆನ್ನು ಬಾಗಿದರೆ ಜಾಸ್ತಿಯಾಯಿತು. ಸೆಟ್ಟುಗಳ ನಡುವೆ ಒಂದೂವರೆಯಿಂದ ಎರಡು ನಿಮಿಷ ಕೂತು ದಣಿವಾರಿಸಿಕೊಳ್ಳಲಿ. ಬ್ಯಾಲೆ ಮಕ್ಕಳಿಗೆ ಸುಮ್ಮನೆ ಕೂರುವುದೇ ಕಷ್ಟ, ಆ ಹೊತ್ತಿನಲ್ಲಿ ಸ್ಪ್ಲಿಟ್ ಹಾಕಿ ಕೂರುತ್ತಾರೆ. ಹಾಕಬಾರದು.

ಮೊದಲನೆಯದು ಸ್ಕ್ವಾಟ್. 10 ಕೆ.ಜಿ. ಅಕ್ಕಿ ಚೀಲವನ್ನು ಎದೆಗವಚಿಕೊಂಡು, ಪಾದಗಳನ್ನು ಸೊಂಟದಗಲಕ್ಕೆ ನೇರವಾಗಿ ಇಟ್ಟು, ಮೂರು ಸೆಕೆಂಡು ಎಣಿಸುತ್ತ ತೊಡೆ ನೆಲಕ್ಕೆ ಸಮವಾಗುವವರೆಗೆ ಕೂತು, ಒಂದೇ ಸೆಕೆಂಡಿನಲ್ಲಿ ಏಳಬೇಕು. 3 ಸೆಟ್ಟು, 8 ಸಲ. ಪಾದ ನೇರ ಎಂದದ್ದನ್ನು ಗಮನಿಸಿ. ದಿನವಿಡೀ ಟರ್ನ್‌ಔಟ್‌ನಲ್ಲಿ, ಹಿಂದೆ ಏಳು ವರ್ಷ ಭರತನಾಟ್ಯದ ಅರ್ಧ ಕೂತ ಭಂಗಿಯಾದ ಅರೆಮಂಡಿಯಲ್ಲಿ, ಪಾದ ಹೊರಕ್ಕೆ ತಿರುಗಿಸಿಯೇ ದುಡಿದ ಸೊಂಟ ಅದು. ತೂಕ ಎತ್ತುವಾಗಲೂ ತಿರುಗಿಸಿದರೆ ಅದೇ ಸ್ನಾಯುಗಳೇ ದುಡಿದು, ಉಳಿದವು ನಿದ್ದೆ ಮಾಡುತ್ತವೆ. ಭಾರ ಹೊತ್ತಾಗ ಮಂಡಿ ತಿರುಚಿಕೊಳ್ಳುವ ಅಪಾಯವೂ ಇದೆ. ವಾರಕ್ಕೆ ಎರಡು, ಎರಡೂವರೆ ಕೆ.ಜಿ. ಏರಿಸುತ್ತ ಹೋಗಿ. ಮೂರನೇ ವಾರದ ಹೊತ್ತಿಗೆ ಚೀಲ ಹಿಡಿಯುವುದು ಕಷ್ಟವಾಗುತ್ತದೆ, ಆಗ ಜಿಮ್‌ಗೆ ಕಳಿಸಿ. ಖಾಲಿ ಉದ್ದ ಬಾರ್ 20 ಕೆ.ಜಿ. ಇರುತ್ತದೆ. 12ನೇ ವಾರಕ್ಕೆ 30 ಕೆ.ಜಿ. ಹೊತ್ತು 6 ಸಲ ಚೆಂದವಾಗಿ ಕೂತೆದ್ದರೆ 48 ಕೆ.ಜಿ.ಯ ಹುಡುಗಿಗೆ ಒಳ್ಳೆಯ ಗುರಿ. ಕಂಬಿಗಳ ನಡುವೆ ಜಾರುವ ಸ್ಮಿತ್ ಮೆಷಿನ್ ಬೇಡ. ಸಮತೋಲ ಕಾಯುವ ಕೆಲಸವನ್ನು ಯಂತ್ರವೇ ಮಾಡಿಬಿಡುತ್ತದೆ, ನರ್ತಕಿಗೆ ಬೇಕಾದದ್ದೇ ಆ ಕೆಲಸ.

ಎರಡನೆಯದು ರೊಮೇನಿಯನ್ ಡೆಡ್‌ಲಿಫ್ಟ್, ತೊಡೆಯ ಹಿಂಭಾಗಕ್ಕೂ ಪಿರ್ರೆಗೂ. ಎರಡು ಕೈಯಲ್ಲಿ 5–5 ಕೆ.ಜಿ. ಡಂಬೆಲ್, ಮಂಡಿ ಚೂರೇ ಬಾಗಿ, ಬಾಗಿಲನ್ನು ಅಂಡಿನಿಂದ ಹಿಂದಕ್ಕೆ ತಳ್ಳಿದ ಹಾಗೆ ಸೊಂಟ ಹಿಂದೆ ಹೋಗಬೇಕು. ಬೆನ್ನು ಹಲಗೆಯಂತೆ ನೇರ. ಡಂಬೆಲ್ ಮಂಡಿಗಿಂತ ಸ್ವಲ್ಪ ಕೆಳಗೆ ಬಂದರೆ ಸಾಕು. ಇಲ್ಲಿ ಎಡವಟ್ಟಾಗುವುದು ಬ್ಯಾಲೆ ಕಲಿತವರಿಗೇ. ಅವರ ಮೈ ಎಷ್ಟು ಬಾಗುತ್ತದೆಂದರೆ ಡಂಬೆಲ್ಲನ್ನು ನೆಲಕ್ಕೆ ಮುಟ್ಟಿಸಿಬಿಡುತ್ತಾರೆ, ಆಗ ಭಾರವೆಲ್ಲ ಸ್ನಾಯು ಬಿಟ್ಟು ಕೀಲಿನ ಮೇಲೆ ಬೀಳುತ್ತದೆ. 3 ಸೆಟ್ಟು, 8 ಸಲ.

ಮೂರನೆಯದು ಒಂಟಿ ಕಾಲಿನದು. 30 ಸೆಂ.ಮೀ. ಎತ್ತರದ ಗಟ್ಟಿ ಸ್ಟೂಲಿನ ಮೇಲೆ ಒಂದು ಕಾಲಿಟ್ಟು ಹತ್ತಿ, ಮೂರು ಸೆಕೆಂಡಿನಲ್ಲಿ ಇಳಿಯುವುದು. ಕೆಳಗಿನ ಕಾಲಿನಿಂದ ಒದ್ದು ಏರುವ ಕಳ್ಳಾಟ ಬೇಡ. ಕಾಲಿಗೆ 6ರಂತೆ 3 ಸೆಟ್ಟು. ಎದುರಿಗೆ ಕನ್ನಡಿ ಇರಲಿ. ಮಂಡಿಯ ಚಿಪ್ಪು ಎರಡನೇ ಕಾಲ್ಬೆರಳ ನೇರಕ್ಕೆ ಇರಬೇಕು, ಒಳಕ್ಕೆ ವಾಲಿದರೆ ಸ್ಟೂಲನ್ನು ತಗ್ಗಿಸಿ. ಗ್ರಾಂ ಜೆತೇಯಲ್ಲಿ, ಅಂದರೆ ಕಾಲುಗಳನ್ನು ಚಾಚಿ ಹಾರುವ ದೊಡ್ಡ ಜಿಗಿತದಲ್ಲಿ, ಒಂದೇ ಕಾಲಲ್ಲಿ ಇಳಿಯುವಾಗ ಮೈ ತೂಕದ ಹಲವು ಪಟ್ಟು ಭಾರ ಆ ಮಂಡಿಯ ಮೇಲೆ ಬೀಳುತ್ತದೆ. ನಿಧಾನವಾಗಿ ಇಳಿಯುವಾಗಲೇ ವಾಲುವ ಮಂಡಿ ಆಗ ನೇರ ನಿಲ್ಲುವುದುಂಟೆ?

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ: ಮೀನಖಂಡ. ಇದನ್ನು ಎರಡು ಬಗೆಯಲ್ಲಿ ಮಾಡಬೇಕು, ಬಹಳ ಕಡೆ ಒಂದನ್ನೇ ಮಾಡಿಸಿ ಬಿಡುತ್ತಾರೆ. ಮಂಡಿ ನೇರ ಇಟ್ಟು ಹಿಮ್ಮಡಿ ಎತ್ತಿದರೆ ಮೇಲಿನ ಉಬ್ಬಿದ ಸ್ನಾಯು ಹೆಚ್ಚು ದುಡಿಯುತ್ತದೆ. ಮಂಡಿ ಬಾಗಿದಾಗ ಅದರ ಅಡಿಯಲ್ಲಿರುವ ಚಪ್ಪಟೆ ಸೋಲಿಯಸ್ ಸ್ನಾಯುವಿಗೆ ಹೊರೆ ಬೀಳುತ್ತದೆ. ಬ್ಯಾಲೆಯಲ್ಲಿ ಪ್ರತಿ ಜಿಗಿತವೂ ಡೆಮಿ ಪ್ಲಿಯೇಯಿಂದ, ಅಂದರೆ ಬಾಗಿದ ಮಂಡಿಯಿಂದ, ಹೊರಡುತ್ತದೆ, ಅಲ್ಲಿಗೇ ಮರಳುತ್ತದೆ. ಸೋಲಿಯಸ್ ದುರ್ಬಲವಾಗಿದ್ದರೆ ಪೆಟ್ಟನ್ನು ಮೂಳೆ ತಿನ್ನುತ್ತದೆ. ಮಗಳ ನೋವಿನ ಮೂಲ ಇಲ್ಲೇ ಇರುವ ಸಾಧ್ಯತೆ ಹೆಚ್ಚು.

ನೇರ ಮಂಡಿಯದು: ಮೆಟ್ಟಿಲಿನ ಅಂಚಿನಲ್ಲಿ ಮುಂಪಾದವಿಟ್ಟು, ಗೋಡೆಗೆ ಬೆರಳು ತಾಗಿಸಿ, ಎರಡು ಸೆಕೆಂಡಿನಲ್ಲಿ ಏರಿ, ತುದಿಯಲ್ಲಿ ಒಂದು ಸೆಕೆಂಡು ನಿಂತು, ಮೂರು ಸೆಕೆಂಡಿನಲ್ಲಿ ಇಳಿಯುವುದು. ಮೊದಲ ಎರಡು ವಾರ ಎರಡೂ ಕಾಲು ಸೇರಿ 3×15, ಆಮೇಲೆ ಒಂದೊಂದೇ ಕಾಲು 3×12, ಆಮೇಲೆ ಬೆನ್ನಿಗೆ ಪುಸ್ತಕ ತುಂಬಿದ ಕಾಲೇಜು ಬ್ಯಾಗು. ಪಿಯುಸಿ ಪುಸ್ತಕಗಳಿಗೆ ಭಾರದ ಕೊರತೆಯಿಲ್ಲ. ಏರಿದಾಗ ಹಿಮ್ಮಡಿ ಹೊರಕ್ಕೆ ವಾಲಿ ತೂಕ ಕಿರುಬೆರಳ ಕಡೆ ಹೋಗಬಾರದು, ಹೆಬ್ಬೆರಳು ಮತ್ತು ಎರಡನೇ ಬೆರಳ ನಡುವೆ ಇರಬೇಕು. ಬಾಗಿದ ಮಂಡಿಯದು: ಕುರ್ಚಿಯಲ್ಲಿ ಕೂತು, ಮುಂಪಾದದ ಕೆಳಗೆ ಒಂದು ದಪ್ಪ ಹಲಗೆಯಿಟ್ಟು, ತೊಡೆಯ ಮೇಲೆ ಮಂಡಿಯ ಹತ್ತಿರ ಅಕ್ಕಿ ಚೀಲ ಇಟ್ಟುಕೊಂಡು ಹಿಮ್ಮಡಿ ಎತ್ತಿಳಿಸುವುದು. 10 ಕೆ.ಜಿ. ಚೀಲದಿಂದ ಶುರು, 25 ಕೆ.ಜಿ. ಚೀಲದವರೆಗೆ, 3×12. ಭತ್ತದ ಸೀಮೆಯಲ್ಲಿ ಈ ಸಾಮಾನಿಗೆ ಬರವಿಲ್ಲ. ಈ ಎರಡರಲ್ಲಿ ಕಣಕಾಲಿನ ನೋವು ಹತ್ತರಲ್ಲಿ ಮೂರಕ್ಕಿಂತ ಹೆಚ್ಚಾದರೆ, ಅಥವಾ ಮರುದಿನ ಬೆಳಿಗ್ಗೆ ಮೊದಲಿಗಿಂತ ಜಾಸ್ತಿಯಾಗಿದ್ದರೆ, ಭಾರ ಅರ್ಧಕ್ಕಿಳಿಸಿ.

ಕೊನೆಗೆ ನಡುವಿಗೆ ಪಕ್ಕದ ಪ್ಲ್ಯಾಂಕ್, ಅಂದರೆ ಒಂದು ಮೊಣಕೈ ಊರಿ ಪಕ್ಕಕ್ಕೆ ಮೈಯನ್ನು ನೇರ ಎತ್ತಿ ಹಿಡಿಯುವುದು, ಪ್ರತಿ ಬದಿ 20–30 ಸೆಕೆಂಡು, ಮೂರು ಸಲ. ಪಾದಕ್ಕೆ, ಬೆರಳು ಮಡಚದೆ ಅಂಗಾಲಿನ ಕಮಾನನ್ನು ಮೇಲೆತ್ತುವುದು, 10 ಸಲ. ಇಷ್ಟೇ.

ಜಿಗಿತ ಮತ್ತೆ ಯಾವಾಗ? ಮೂರು ಪರೀಕ್ಷೆ. ಒಂದು, ಮೂಳೆ ಒತ್ತಿದರೆ ನೋವಿಲ್ಲ. ಎರಡು, ಮಂಡಿ ನೇರವಿಟ್ಟು ಒಂಟಿ ಕಾಲಲ್ಲಿ, ಎತ್ತರ ಕಡಿಮೆಯಾಗದಂತೆ, ಎರಡು ಸೆಕೆಂಡಿಗೊಂದರಂತೆ 20 ಸಲ ಹಿಮ್ಮಡಿ ಎತ್ತಬೇಕು. 25 ಆದರೆ ಇನ್ನೂ ಒಳ್ಳೆಯದು. ಎಡ–ಬಲದ ನಡುವೆ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೂರು, ಒಂಟಿ ಕಾಲಲ್ಲಿ ನಿಂತು ಸೊಂಟದಿಂದ ಮುಂದಕ್ಕೆ ಬಾಗಿ, ಇನ್ನೊಂದು ಕಾಲು ಹಿಂದಕ್ಕೆ ಚಾಚಿ ವಿಮಾನದಂತಾಗಿ, ನಿಂತ ಕಾಲಿನ ಮಂಡಿ ಬಾಗಿಸುತ್ತ ಎರಡು ಕೈಗಳನ್ನು ನೆಲದತ್ತ ಇಳಿಸಿ ಏಳಬೇಕು. ಐದರಲ್ಲಿ ನಾಲ್ಕು ಸಲ ಮಂಡಿ ವಾಲದೆ, ಸೊಂಟ ಓರೆಯಾಗದೆ ಆಗಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರನೇ ವಾರಕ್ಕೆ ಇದು ದಕ್ಕುತ್ತದೆ. ದಕ್ಕದಿದ್ದರೆ ಪ್ರದರ್ಶನ ಹತ್ತಿರ ಬಂತೆಂದು ಅವಸರ ಮಾಡಬೇಡಿ.

ಇನ್ನು ಸದ್ದಿನ ವಿಷಯ. ಟೀಚರ್ ದೂರುವ ಆ ಸದ್ದು ಮಗಳು ಏಳು ವರ್ಷ ಶ್ರದ್ಧೆಯಿಂದ ಕಲಿತದ್ದು. ಭರತನಾಟ್ಯದ ಮೊದಲ ಹೆಜ್ಜೆ ತಟ್ಟಡವಿನಲ್ಲಿ ಅಂಗಾಲು ಪೂರ್ತಿ ನೆಲಕ್ಕೆ ಬಡಿದು ತಾಳ ಕೇಳಿಸಬೇಕು. ಕುದಿತ್ತುಮೆಟ್ಟಡವಿನಲ್ಲಿ ಮುಂಪಾದದ ಮೇಲೆ ಹಾರಿ ಹಿಮ್ಮಡಿ ಬಡಿಯಬೇಕು, ಕೇಳಿಸದಿದ್ದರೆ ಗುರುಗಳು ಬೈಯುತ್ತಾರೆ. ಅರೆಮಂಡಿಯೋ, ಕೂತರೆ ಕೂತೇ ಇರುವ ಭಂಗಿ. ಅಲ್ಲಿ ಸ್ಥಿರವಾಗಿ ನಿಂತಷ್ಟೂ ಶೋಭೆ. ಬ್ಯಾಲೆಯ ಪ್ಲಿಯೇ ನೋಡಲು ಅದರ ತಂಗಿಯಂತಿದ್ದರೂ ಕೆಲಸ ಬೇರೆ. ಅದು ದಾಟಿ ಹೋಗುವ ಜಾಗ. ಇಳಿಯುವಾಗ ಅಕಿಲಿಸ್ ಟೆಂಡನ್, ಅಂದರೆ ಹಿಮ್ಮಡಿಯ ಮೇಲಿನ ದಪ್ಪ ಹುರಿ, ರಬ್ಬರಿನಂತೆ ಹಿಗ್ಗಿ ಶಕ್ತಿ ಹಿಡಿದಿಟ್ಟುಕೊಳ್ಳುತ್ತದೆ. ತಕ್ಷಣ ಎದ್ದರೆ ಅದನ್ನು ಹಿಂದಿರುಗಿಸುತ್ತದೆ. ತಳದಲ್ಲಿ ಒಂದು ಗಳಿಗೆ ತಂಗಿದರೂ ಆ ಶಕ್ತಿ ಬಿಸಿಯಾಗಿ ಕರಗಿಹೋಗುತ್ತದೆ. ಆಮೇಲಿನ ಜಿಗಿತ ಬರೀ ಸ್ನಾಯುವಿನ ಖರ್ಚಿನಲ್ಲಿ. ಮಗಳ ಸೋತೇಯನ್ನು, ಅಂದರೆ ನಿಂತಲ್ಲೇ ಎರಡೂ ಕಾಲಲ್ಲಿ ಜಿಗಿಯುವುದನ್ನು, ಪಕ್ಕದಿಂದ ವಿಡಿಯೋ ಮಾಡಿ ನಿಧಾನಕ್ಕೆ ಓಡಿಸಿ ನೋಡಿ. ಭರತನಾಟ್ಯದಿಂದ ಬಂದವರು ತಳದಲ್ಲಿ ಅರೆಮಂಡಿಗೆ ಕೂತು ಬಿಡುವುದು ಬಹಳ ಸಲ ಅಲ್ಲಿ ಕಾಣುತ್ತದೆ. ಹಾಗೆಂದು ಭರತನಾಟ್ಯ ಅಡ್ಡಿಯಲ್ಲ. ಬೆನ್ನು ನೇರವಿಟ್ಟು ಹಿಮ್ಮಡಿ ಊರಿ ಅಷ್ಟು ಆಳಕ್ಕೆ ಕೂರಬಲ್ಲ ಕಾಲು ಸಿಕ್ಕಿರುವುದು ಪುಣ್ಯ. ತಂಗುವುದನ್ನು ಮಾತ್ರ ಬಿಡಿಸಬೇಕು.

ಆದ್ದರಿಂದ ಏಳನೇ ವಾರದಿಂದ ಮೊದಲು ಇಳಿಯುವುದನ್ನೇ ಕಲಿಸಿ, ಏರುವುದು ಆಮೇಲೆ. 15–20 ಸೆಂ.ಮೀ. ಎತ್ತರದ ಮಣೆಯಿಂದ ಎರಡೂ ಕಾಲಿಗೆ ಇಳಿದು ಪ್ಲಿಯೇಯಲ್ಲಿ ಮೂರು ಸೆಕೆಂಡು ಅಲುಗದೆ ನಿಲ್ಲಲಿ, 2 ಸೆಟ್ಟು, 5 ಸಲ. ತಂಗಬಾರದು ಎಂದ ಮೇಲೆ ಇದೇನು ಎನ್ನಬೇಡಿ, ಇದು ಬ್ರೇಕ್ ಹಿಡಿಯುವ ಪಾಠ, ಎರಡೇ ವಾರ. ಬೆರಳ ತುದಿ, ಮುಂಪಾದ, ಹಿಮ್ಮಡಿ ಈ ಕ್ರಮದಲ್ಲಿ ಪಾದ ನೆಲಕ್ಕೆ ಹಾಸಿಕೊಳ್ಳಬೇಕು. ನೀವು ಬೆನ್ನು ಮಾಡಿ ನಿಂತು ಕಿವಿಗೊಡಿ. "ಟಪ್-ಟಪ್" ಎಂದು ಎರಡು ಸದ್ದು ಬಂದರೆ ಮುಂಪಾದ ತಾಗಿದ ಮೇಲೆ ಹಿಮ್ಮಡಿ ಕೈಬಿಟ್ಟಂತೆ ಬಿದ್ದಿದೆ, ಮೀನಖಂಡ ಅದನ್ನು ಹಿಡಿಯಲಿಲ್ಲ. ದಪ್ಪಗೆ ಒಂದೇ ಸದ್ದು ಬಂದರೆ ಅಂಗಾಲು ಪೂರ್ತಿ ಬಡಿದಿದೆ. ಹಿಮ್ಮಡಿ ನೆಲ ಮುಟ್ಟಲೇ ಇಲ್ಲವಾದರೆ ಅದೂ ತಪ್ಪು. ಸದ್ದಡಗಿಸಲು ಕೆಲವರು ಮುಂಪಾದದ ಮೇಲೆಯೇ ತೇಲುತ್ತಾರೆ, ಮೀನಖಂಡ ಸದಾ ಬಿಗಿದುಕೊಂಡು ಕಣಕಾಲಿನ ನೋವು ಮರಳುತ್ತದೆ.

ಒಂಬತ್ತನೇ ವಾರದಿಂದ ಜಿಗಿತ. ವಾರಕ್ಕೆ ಎರಡೇ ದಿನ, ತೂಕ ಎತ್ತುವುದಕ್ಕೆ ಮುಂಚೆ, ಮೈ ಬಿಸಿ ಮಾಡಿಕೊಂಡು. ಒಂದು ದಿನಕ್ಕೆ ಒಟ್ಟು 40 ಸಲ ಮಾತ್ರ ಪಾದ ನೆಲ ಮುಟ್ಟಬೇಕು. 10 ಸಣ್ಣ ಸೋತೇ, ಎರಡು ಸೆಟ್ಟು. ನಿಂತಲ್ಲಿಂದ ಪೂರ್ತಿ ಶಕ್ತಿ ಹಾಕಿ ಎತ್ತರಕ್ಕೆ 4 ಜಿಗಿತ, ಮೂರು ಸೆಟ್ಟು. ಉಳಿದ ಎಂಟು ಶಾಂಜ್‌ಮಾಂ (ಗಾಳಿಯಲ್ಲಿ ಪಾದ ಅದಲುಬದಲು ಮಾಡುವ ಜಿಗಿತ) ಅಥವಾ ಅಸಾಂಬ್ಲೇ (ಒಂದು ಕಾಲಿಂದ ಹಾರಿ ಎರಡೂ ಕಾಲಿಗೆ ಇಳಿಯುವುದು). 12ನೇ ವಾರಕ್ಕೆ 60, ಅದರಲ್ಲಿ ಒಂಟಿ ಕಾಲಿನ ಜಿಗಿತ ಕಾಲಿಗೆ 6, ಗ್ರಾಂ ಜೆತೇ ಕಾಲಿಗೆ 3. ಎತ್ತರ ಇಳಿದದ್ದು ಕಣ್ಣಿಗೆ ಕಂಡ ಕೂಡಲೇ ಆ ಸೆಟ್ಟು ಮುಗಿಯಿತು, ಲೆಕ್ಕ ಪೂರ್ತಿಯಾಗದಿದ್ದರೂ. ಪಾಠದಲ್ಲಿ ಜಿಗಿದದ್ದೂ ಈ ಲೆಕ್ಕದೊಳಗೇ. ಪಾಠದಲ್ಲಿ 50 ಆಗಿದ್ದರೆ ಅವತ್ತು ಮನೆಯಲ್ಲಿ ಬೇರೆ ಜಿಗಿತ ಬೇಡ. ಬೆಂಗಳೂರಿನ ಭಾನುವಾರದ ಹಿಂದಿನ ಮತ್ತು ಮರುದಿನ ಖಾಲಿ ಬಿಡಿ, ನಾಲ್ಕೈದು ಗಂಟೆ ಸೀಟಿನಲ್ಲಿ ಕೂತು ಹೋಗಿ ನೇರ ಸ್ಟುಡಿಯೋದಲ್ಲಿ ಜಿಗಿಯುವ ದಿನ ಅದು. ಜಿಗಿಯುವ ಮುಂಚೆ ಒಂದೊಂದು ನಿಮಿಷ ಹಿಡಿದು ಎಳೆಯುವ ಸ್ಟ್ರೆಚಿಂಗ್ ಬೇಡ. ಆ ಹೊತ್ತಿಗೆ ಸ್ನಾಯುವಿನ ಬಲ ಕುಗ್ಗುತ್ತದೆ. ಸ್ಪ್ಲಿಟ್ಸ್ ಎಲ್ಲ ಕೊನೆಗೆ.

ಸಂಗೀತದ ವೇಗವನ್ನೂ ನೋಡಿ. ನಿಮಿಷಕ್ಕೆ 120 ತಾಳವೆಂದರೆ ಒಂದು ಜಿಗಿತಕ್ಕೆ ಸಿಗುವುದು ಅರ್ಧ ಸೆಕೆಂಡು. ಅದರಲ್ಲಿ ಕಾಲು ಸೆಕೆಂಡಾದರೂ ನೆಲದ ಮೇಲೆ ಕಳೆಯಬೇಕು. ಗಾಳಿಯಲ್ಲಿ ಉಳಿಯುವ ಕಾಲು ಸೆಕೆಂಡಿಗೆ ಎತ್ತರ 8 ಸೆಂ.ಮೀ. ಮೀರುವುದಿಲ್ಲ. ಯಾರು ಜಿಗಿದರೂ ಅಷ್ಟೇ. 25 ಸೆಂ.ಮೀ. ಬೇಕೆಂದರೆ ಗಾಳಿಯಲ್ಲೇ 0.45 ಸೆಕೆಂಡು ಬೇಕು, ತಾಳ ನಿಮಿಷಕ್ಕೆ 80ರ ಹತ್ತಿರ ಇರಬೇಕು. ಮೊಬೈಲಿನ ಮೆಟ್ರೊನೋಮ್ ಆ್ಯಪ್ ಹಾಕಿ ಅಭ್ಯಾಸ ಮಾಡಿಸಿ. ಟೀಚರ್ ಎತ್ತರ ಸಾಲದು ಎಂದದ್ದು ವೇಗದ ಸಣ್ಣ ಜಿಗಿತಗಳಲ್ಲೋ ದೊಡ್ಡ ಜಿಗಿತಗಳಲ್ಲೋ, ಅದನ್ನೂ ಕೇಳಿ ತಿಳಿದುಕೊಳ್ಳಿ.

ಎತ್ತರ ಅಳೆಯಲು ಮೊಬೈಲ್ ಸಾಕು. ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋಮೋಷನ್‌ನಲ್ಲಿ ಪಾದದ ಮಟ್ಟಕ್ಕೆ ಕ್ಯಾಮೆರಾ ಇಟ್ಟು, ಬೆರಳು ನೆಲ ಬಿಟ್ಟ ಚಿತ್ರದಿಂದ ಮತ್ತೆ ತಾಗಿದ ಚಿತ್ರದವರೆಗೆ ಎಣಿಸಿ. 97 ಚಿತ್ರವಾದರೆ 20 ಸೆಂ.ಮೀ., 108 ಆದರೆ 25, 119 ಆದರೆ 30. ಇಳಿಯುವಾಗ ಗಾಳಿಯಲ್ಲೇ ಮಂಡಿ ಮಡಚಿಕೊಂಡರೆ ಲೆಕ್ಕ ಸುಳ್ಳಾಗುತ್ತದೆ, ಕಾಲು ಚಾಚಿಯೇ ಇರಬೇಕು. ಹದಿನೈದು ದಿನಕ್ಕೊಮ್ಮೆ ಮೂರು ಜಿಗಿತ, ಅದರಲ್ಲಿ ಉತ್ತಮವಾದದ್ದನ್ನು ಬರೆದಿಡಿ. ದಿನಾ ಅಳೆಯಲು ಕೂತರೆ ಮಗುವಿನ ತಲೆ ಕೆಡುತ್ತದೆ.

ಗ್ರಾಂ ಜೆತೇಯಲ್ಲಿ ತೇಲಿದಂತೆ ಕಾಣುವುದಕ್ಕೆ ಎತ್ತರವೊಂದೇ ಕಾರಣವಲ್ಲ. ಗಾಳಿಯಲ್ಲಿರುವ ಒಟ್ಟು ಹೊತ್ತಿನಲ್ಲಿ ಅರ್ಧ ಹೊತ್ತು ದೇಹ ಎತ್ತರದ ಕೊನೆಯ ಕಾಲು ಭಾಗದಲ್ಲೇ ಇರುತ್ತದೆ. ಆ ಹೊತ್ತಿಗೆ ಸರಿಯಾಗಿ ಕಾಲುಗಳನ್ನು ಬಿಚ್ಚಿ ಮೇಲೆತ್ತಿದರೆ ದೇಹದ ಗುರುತ್ವ ಕೇಂದ್ರವೂ ಮೈಯೊಳಗೇ ಮೇಲೆ ಸರಿಯುತ್ತದೆ, ತಲೆ ಮಾತ್ರ ಒಂದೇ ಮಟ್ಟದಲ್ಲಿ ಚಲಿಸುತ್ತದೆ, ನೋಡುವವರಿಗೆ ತೇಲಿದಂತೆ. ಕಾಲು ಬೇಗ ಬಿಚ್ಚಿ ಬೇಗ ಮುಚ್ಚಿದರೆ ಅದೇ ಎತ್ತರ ಗಿಡ್ಡವಾಗಿ ಕಾಣುತ್ತದೆ. ಇದನ್ನು ತಿದ್ದಬೇಕಾದವರು ಟೀಚರ್.

ನೆಲದ ಏರ್ಪಾಡು ಮಾಡದೆ ಒಂಬತ್ತನೇ ವಾರಕ್ಕೆ ಕಾಲಿಡಬೇಡಿ. ಗ್ರಾನೈಟ್, ಟೈಲ್ಸ್, ಕಡಪ ಕಲ್ಲು ಎಲ್ಲ ತಾರಸಿಯ ದಾಯಾದಿಗಳೇ. ಮಕ್ಕಳು ಆಡುವ ದಪ್ಪ ಫೋಮ್ ಮ್ಯಾಟ್ ಹಾಸುವುದು ಪರಿಹಾರವಲ್ಲ, ಮೆತ್ತಗಿನದರಲ್ಲಿ ಪಾದ ಹುಗಿದು ಗಿಣ್ಣು ಉಳುಕುತ್ತದೆ. ಮೇಲ್ಮೈ ಗಟ್ಟಿಯಿದ್ದು ಅಡಿಯಲ್ಲಿ ಬಗ್ಗಬೇಕು. 8×4 ಅಡಿಯ 12 ಮಿ.ಮೀ. ಪ್ಲೈವುಡ್ ಹಾಳೆ ನಾಲ್ಕು ತನ್ನಿ. 25 ಮಿ.ಮೀ. ದಪ್ಪದ ಗಟ್ಟಿ ಇವಿಎ ಫೋಮನ್ನು ಮೂರಂಗುಲದ ಚೌಕಗಳಾಗಿ ಕತ್ತರಿಸಿ, ಒಂದಡಿಗೊಂದರಂತೆ 8×8 ಅಡಿಗೆ 81 ತುಂಡು. ಎರಡು ಹಾಳೆ ಉದ್ದಕ್ಕೆ ಕೆಳಗೆ, ಎರಡು ಅಡ್ಡಕ್ಕೆ ಮೇಲೆ, ಸಂದುಗಳು ಒಂದರ ಮೇಲೊಂದು ಪೂರ್ತಿ ಬರದಂತೆ. ಫೋಮ್ ತುಂಡುಗಳನ್ನು ಕೆಳ ಹಾಳೆಯ ಅಡಿಗೆ ಅಂಟಿಸಿ. 20 ಮಿ.ಮೀ. ಸ್ಕ್ರೂ ಹಾಕಿಸಿ. ಬಡಗಿ ಅಭ್ಯಾಸಬಲದಿಂದ ಒಂದಂಗುಲದ್ದು ಹೊಡೆದರೆ ಎರಡು ಹಾಳೆ ಸೇರಿ 24 ಮಿ.ಮೀ. ಇರುವುದರಿಂದ ಮೊನೆ ಕೆಳಗೆ ಇಣುಕಿ ಫೋಮನ್ನು ಸೀಳುತ್ತದೆ. ಮೇಲೆ ಹೊಳಪಿಲ್ಲದ ವಿನೈಲ್ ಹಾಳೆ, ಅಂಚಿಗೆ ಟೇಪು. ಗ್ರಾಂ ಜೆತೇಗೆ ಎಂಟಡಿ ಸಾಲದು, ಅದನ್ನು ಬೆಂಗಳೂರಿನ ಸ್ಟುಡಿಯೋದಲ್ಲೇ ಮಾಡಲಿ.

ಚಿತ್ರದುರ್ಗದ ಕೋಟೆ ಮೆಟ್ಟಿಲು ಹತ್ತಿಸಿದರೆ ಕಾಲು ಗಟ್ಟಿಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹತ್ತುವುದು ದಮ್ಮಿಗೆ ಒಳ್ಳೆಯದು, ಜಿಗಿತದ ಎತ್ತರಕ್ಕೆ ಅಷ್ಟೇನೂ ಕೊಡುವುದಿಲ್ಲ. ಓಡುತ್ತ ಇಳಿಯುವುದೇ ತೊಂದರೆ, ಪ್ರತಿ ಮೆಟ್ಟಿಲಿಗೂ ಅದೇ ಮೂಳೆ ಪೆಟ್ಟು ತಿನ್ನುತ್ತದೆ. ಈ ನಾಲ್ಕು ತಿಂಗಳು ಕೋಟೆಗೆ ಹೋದರೆ ನೋಡಿಕೊಂಡು ನಿಧಾನವಾಗಿ ಇಳಿದು ಬರಲಿ.

ಊಟ. ತೆಳ್ಳಗಿರಬೇಕೆಂದು ರಾತ್ರಿ ಊಟ ಬಿಡುತ್ತಿದ್ದಾಳೆಯೇ ಎಂದು ಮೆಲ್ಲಗೆ ವಿಚಾರಿಸಿ. ಬ್ಯಾಲೆ ಲೋಕದಲ್ಲಿ ಅದು ಹಳೆಯ ರೋಗ. ದುಡಿಮೆಗೆ ತಕ್ಕ ಊಟವಿಲ್ಲದಿದ್ದರೆ ಮುಟ್ಟು ಏರುಪೇರಾಗಿ ಮೂಳೆ ಸಡಿಲವಾಗುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಸ್ಥಿತಿಗೆ ರೆಡ್-ಎಸ್ ಎಂಬ ಹೆಸರು ಕೊಟ್ಟಿತು. ಮೂರು ತಿಂಗಳು ಮುಟ್ಟು ನಿಂತಿದ್ದರೆ ಜಿಗಿತದ ಮಾತು ಬಿಟ್ಟು ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಿ. 48 ಕೆ.ಜಿ.ಗೆ ದಿನಕ್ಕೆ 58ರಿಂದ 75 ಗ್ರಾಂ ಪ್ರೋಟೀನ್ ಬೇಕು. ಅರ್ಧ ಲೀಟರ್ ಹಾಲಿನಲ್ಲಿ 16, 50 ಗ್ರಾಂ ಶೇಂಗಾದಲ್ಲಿ 12, ಎರಡು ಜೋಳದ ರೊಟ್ಟಿಯಲ್ಲಿ 10ರ ಹತ್ತಿರ, ಎರಡು ಹೊತ್ತಿನ ಬೇಳೆಯಲ್ಲಿ 13ರಷ್ಟು. ಉಳಿದದ್ದಕ್ಕೆ ಎರಡು ಮೊಟ್ಟೆ, ತಿನ್ನದ ಮನೆಯಾದರೆ 25 ಗ್ರಾಂ ಸೋಯಾ ಚಂಕ್ಸ್. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ, ಚಿತ್ರದುರ್ಗದ ಕಡೆಯವರಂತೆ ವಾರದಲ್ಲಿ ನಾಲ್ಕು ದಿನ ಮುದ್ದೆಯೂ ಇರಲಿ. ಸಂಜೆಯ ಮಂಡಕ್ಕಿ ಮಿರ್ಚಿಯನ್ನು ಕಿತ್ತುಕೊಳ್ಳಬೇಕಿಲ್ಲ, ಅದನ್ನೇ ಊಟವೆಂದು ಲೆಕ್ಕ ಹಾಕದಿದ್ದರಾಯಿತು.

13ನೇ ವಾರದಿಂದ ತೂಕವನ್ನು ಏರಿಸಬೇಡಿ, ಇದ್ದಷ್ಟನ್ನೇ 2 ಸೆಟ್ಟು, 5 ಸಲಕ್ಕೆ ಇಳಿಸಿ. ಪ್ರದರ್ಶನದ ವಾರ ಒಂದೇ ದಿನ, ಐದು ದಿನ ಮುಂಚೆ, ಅದೂ ಅರ್ಧ. ನಡುವೆ ಕಾಲೇಜಿನ ಪರೀಕ್ಷೆ ಬಂದು ಒಂದು ವಾರ ತಪ್ಪಿದರೆ ಗಾಬರಿ ಬೇಡ, ಬಿಟ್ಟಲ್ಲಿಂದ ಒಂದು ಮೆಟ್ಟಿಲು ಕೆಳಗಿನ ತೂಕದಿಂದ ಶುರುಮಾಡಲಿ. ಎರಡು ವಾರ ತಪ್ಪಿದರೆ ಜಿಗಿತಕ್ಕೆ ಮುಂಚೆ ಆ 20 ಹಿಮ್ಮಡಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ.